ಚಿಗವ್ವನ ಹಿತ್ತಲ ಸೀತಾಫಲದ ಎಲೆ

ಬನಹಟ್ಟಿಯಲ್ಲಿ ಅವ್ವನ ತಂಗಿ, ನಮ್ಮ ಚಿಗವ್ವನ ಹಿತ್ತಲಲ್ಲಿ ಒಂದು ಸೀತಾಫಲದ ಗಿಡವಿತ್ತು. ಅದರ ಎಲೆಯ ಸಾರಕ್ಕೆ ಕ್ಯಾನ್ಸರ್ ಕೋಶಗಳು ಸಾಯುತ್ತವೆಯೇ ಎಂದು ನೋಡುವುದು ಧಾರವಾಡದ ಲ್ಯಾಬೊಂದರಲ್ಲಿ ನನ್ನ ಕೆಲಸ. ತಿಂಗಳಿಗೊಮ್ಮೆ ಚಿಗವ್ವ ಎಲೆ ಕಿತ್ತು, ನಾನು ಹೇಳಿಕೊಟ್ಟಂತೆ ನೆರಳಲ್ಲಿ ಒಣಗಿಸಿ, ಮಗ್ಗದಲ್ಲಿ ಕೆಟ್ಟುಹೋದ ಸೀರೆಯ ತುಂಡಿನಲ್ಲಿ ಕಟ್ಟಿ, ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಅದರಲ್ಲಿ ಒಂದು ಕಡ್ಡಿ, ಒಂದು ಹುಳ ಸಿಕ್ಕಿದ್ದಿಲ್ಲ. ನಮ್ಮ ಲ್ಯಾಬಿನ ದೊಡ್ಡ ಡಿಗ್ರಿಯವರಿಗೂ ಅಷ್ಟು ಶಿಸ್ತಿರಲಿಲ್ಲ.

ಒಂದು ಸಲ ಜಮಖಂಡಿಯಲ್ಲಿ ನನಗೆ ಸತ್ಕಾರ ಇಟ್ಟುಕೊಂಡರು. ನೇಕಾರರ ಸೀಮೆಯಲ್ಲಿ ಹೊದಿಸಿದ ಶಾಲು ಸೂರತ್ತಿನ ಪಾಲಿಯೆಸ್ಟರ್! ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಈ ಎಲೆಯ ಸಾರಕ್ಕೆ ಎರಡೇ ದಿನದಲ್ಲಿ ಸತ್ತವು ಎಂದೆ. ಚಪ್ಪಾಳೆ ಬಿತ್ತು. ಅದೇ ತಟ್ಟೆಗೆ ಸಾಬೂನಿನ ನೀರು ಸುರಿದರೂ ಅವು ಸಾಯುತ್ತವೆ, ಮನುಷ್ಯರ ಮೈಯೊಳಗಿನ ಮಾತೇ ಬೇರೆ ಎಂದು ಮುಂದುವರಿಸಬೇಕಿತ್ತು. ಮಾತು ಬಾಯಿತನಕ ಬಂದಿತ್ತು, ನುಂಗಿದೆ. ಚಪ್ಪಾಳೆ ನಿಲ್ಲುವುದು ಬೇಡವಾಗಿತ್ತು; ಬೇರೆ ಸಬೂಬು ನನ್ನ ಹತ್ತಿರ ಇಲ್ಲ. ಮುಂದಿನ ಸಾಲಿನಲ್ಲಿ ಚಿಗವ್ವ ಪಕ್ಕದವಳಿಗೆ, "ಎಲಿ ನಮ್ಮ ಹಿತ್ತಲದ್ದು ಬೇ" ಎನ್ನುತ್ತಿದ್ದಳು.

ಮರುವರ್ಷ ಒಮ್ಮೆ ಎಲೆ ಅರ್ಧಕ್ಕರ್ಧ ಕಡಿಮೆ ಬಂತು. ಪ್ರಯೋಗ ನಡುವೆಯೇ ನಿಂತಿತು. ಸಿಟ್ಟು ನೆತ್ತಿಗೇರಿ ಫೋನು ಮಾಡಿದೆ.

"ಇಷ್ಟ ಎಲಿ ತಗೊಂಡು ನಾ ಏನ್ ಮಾಡ್ಲಿ ಚಿಗವ್ವ? ನನ್ನ ಕೆಲಸ ಅಂದ್ರ ನಿನಗ ಹುಡುಗಾಟ ಆಗೇತೇನು?"

"ತಪ್ಪಾತು ಯವ್ವಾ, ಇನ್ನಮ್ಯಾಲ ಪೂರಾ ಕಳಿಸ್ತೇನಿ."

ಆರಾಮ ಇದ್ದೀಯಾ ಎಂದೂ ನಾನು ಕೇಳಲಿಲ್ಲ. ಮುಂದಿನ ತಿಂಗಳಿಂದ ಎಲೆ ಮೊದಲಿನಷ್ಟೇ ಬಂತು.

ದೀಪಾವಳಿಗೆ ಹೋದಾಗ ಚಿಗವ್ವ ಹಾಸಿಗೆ ಹಿಡಿದಿದ್ದಳು. ಎದೆಯಲ್ಲಿ ಕ್ಯಾನ್ಸರ್ ಗಡ್ಡೆ, ಅದು ಒಡೆದು ಹುಣ್ಣಾಗಿತ್ತು. ಗಡ್ಡೆ ಸಣ್ಣದಿದ್ದಾಗಲೇ ಡಾಕ್ಟರು ಆಪರೇಷನ್ ಮಾಡಿಸಿ ಎಂದಿದ್ದರಂತೆ; ಇವಳು ಒಪ್ಪಿರಲಿಲ್ಲ. ಒಲೆಯ ಪಕ್ಕದ ಪಾತ್ರೆಯ ತಳದಲ್ಲಿ ಬೆಂದ ಸೀತಾಫಲದ ಎಲೆಗಳಿದ್ದವು.

"ನನಗರ ಯಾಕ ಹೇಳಲಿಲ್ಲ ಚಿಗವ್ವ?"

"ಮನ್ಯಾಗ ಔಷಧ ಇಟ್ಕೊಂಡು ಕೊಯ್ಸಿಕೊಳ್ಳೋದ್ಯಾಕ? ಅಷ್ಟು ಮಂದಿ ಮುಂದ ನೀನ ಹೇಳಿದ್ಯಲ್ಲ." ಅವಳೇ ಮುಂದುವರಿಸಿದಳು: "ತಪ್ಪು ನಂದ. ನೀ ಬೈದ ಮ್ಯಾಲ ಎಲ್ಲಾ ಎಲಿ ನಿನಗ ಕಳಿಸಿದೆ. ನಾ ಕುಡಿಯೋದು ಕಡಿಮಿ ಆತು, ಅದಕ್ಕ ಹೆಚ್ಚಾತು. ನಿನ್ನ ಔಷಧದ ತಪ್ಪಲ್ಲ ಬಿಡು."

ಜಮಖಂಡಿಯಲ್ಲಿ ನುಂಗಿದ ಮಾತನ್ನು ಆಗಲಾದರೂ ಹೇಳಬೇಕಿತ್ತು. ಸಾಯುವವಳ ನಂಬಿಕೆ ಯಾಕೆ ಕೆಡಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳ ಕಣ್ಣಲ್ಲಿ ಸಣ್ಣವಳಾಗುವ ಧೈರ್ಯ ನನಗಿರಲಿಲ್ಲ. "ಹೂಂ" ಎಂದೆ.

"ಹೋಗುವಾಗ ಎಲಿ ಮರೀಬ್ಯಾಡ," ಎಂದಳು, "ಸೊಸಿ ಕಡಿಂದ ಒಣಗಿಸಿ ಇಟ್ಟೇನಿ."

ಒಯ್ದೆ.