ಆ ಹುಡುಗಿಯನ್ನು ಸಾಲಿನ ಮುಂದೆ ನಿಲ್ಲಿಸಿದ್ದು

ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಶಾಲೆಯಲ್ಲಿ ತಂಬಾಕು ತಡೆಯುವ ಕೆಲಸವನ್ನೂ ನನಗೇ ವಹಿಸಿದ್ದರು. ಗೇಟಿನ ಪಕ್ಕ ಫಲಕ ಬರೆಸಿದ್ದೆ. ಎದುರಿನ ಅಂಗಡಿಯವನೊಂದಿಗೆ ಜಗಳವಾಡಿ, ನೇತುಹಾಕಿದ್ದ ಗುಟ್ಕಾ ಸರಗಳನ್ನು ಇಳಿಸಿದ್ದೆ. ಆ ಉತ್ಸಾಹದಲ್ಲೇ ಒಂದು ತಪ್ಪು ಮಾಡಿದೆ.

ಒಂಬತ್ತನೇ ತರಗತಿಯಲ್ಲಿ ಮಗ್ಗದವರ ಮಗಳೊಬ್ಬಳಿದ್ದಳು. ಓದಿನಲ್ಲಿ ಮುಂದು, ಮಾತು ಕಡಿಮೆ. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅವಳ ಜಾಮಿಟ್ರಿ ಬಾಕ್ಸು ಕೆಳಗೆ ಬಿದ್ದು ತೆರೆದುಕೊಂಡಿತು. ಒಳಗೆ ಕಡ್ಡಿಪುಡಿಯ ಪೊಟ್ಟಣ. ಯಾಕೆ ಎಂದು ನಾನು ಕೇಳಲಿಲ್ಲ. ಸಾಲಾಗಿ ನಿಂತಿದ್ದ ಮಕ್ಕಳ ಮುಂದೆ ಅವಳನ್ನು ನಿಲ್ಲಿಸಿ, ಪೊಟ್ಟಣ ಎತ್ತಿ ತೋರಿಸಿ, ಇನ್ನು ತಂಬಾಕು ಮುಟ್ಟುವುದಿಲ್ಲವೆಂದು ಅವಳ ಬಾಯಿಂದ ಹೇಳಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಅವಳ ಜಾಗ ಖಾಲಿಯಿತ್ತು.

ನಾಲ್ಕು ದಿನ ಕಾದು ಮನೆಗೆ ಹೋದೆ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದೆ ಅವಳ ತಾಯಿ ನನ್ನನ್ನು ಹಿತ್ತಿಲಿಗೆ ಕರೆದೊಯ್ದರು. ಅವರ ದನಿಯಲ್ಲಿ ದೂರೇ ಇರಲಿಲ್ಲ.

"ದವಡೆ ಹಲ್ಲು ಹುಳುಕಾಗಿತ್ತು ಮಿಸ್. ನೋವು ಬಂದಾಗ ಒಂಚೂರು ಒತ್ಕೋ ಅಂತ ನಾನೇ ಕೊಟ್ಟಿದ್ದೆ. ನಮ್ಮಮ್ಮ ನಂಗೂ ಹಂಗೇ ಕೊಡ್ತಿದ್ರು."

ವರ್ಷಗಟ್ಟಲೆ ತಂಬಾಕಿನ ಕೆಡುಕು ಹೇಳಿದ್ದ ನಾನು, ಒಳಗಿದ್ದ ಹುಡುಗಿಯನ್ನು ಹೊರಗೆ ಕರೆಸಿದೆ. ಅವಳ ಕೈ ಹಿಡಿದು ತಪ್ಪಾಯಿತು ಎಂದೆ. ಮಾರನೆಯ ದಿನ ನಾನೇ ಆಸ್ಪತ್ರೆಗೆ ಕರೆದೊಯ್ದು ಹಲ್ಲು ಕೀಳಿಸಿದೆ. ವಾಪಸು ಬರುವಾಗ, ಸೋಮವಾರದಿಂದ ಶಾಲೆಗೆ ಬರುತ್ತೀಯಾ ಎಂದು ಕೇಳಿದೆ. ಅವಳು ಹತ್ತಿ ಕಚ್ಚಿಕೊಂಡೇ ಹೇಳಿದಳು:

"ಅವತ್ತು ಕೇಳಿದ್ರೆ ಹೇಳ್ತಿದ್ದೆ ಮಿಸ್."

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಮೂರು ಸಲ ಹೋಗಿ ಬೇಡಿಕೊಂಡೆ, ಹೆಡ್‌ಮಾಸ್ಟರನ್ನೂ ಕರೆದೊಯ್ದೆ. ಆಮೇಲೆ ಗಾರ್ಮೆಂಟ್ಸ್‌ಗೆ ಸೇರಿದಳೆಂದು ತಿಳಿಯಿತು.

ಮರುವರ್ಷ ಹತ್ತನೇ ತರಗತಿಯ ಹುಡುಗನ ಬ್ಯಾಗಿನಲ್ಲಿ ವೇಪ್ ಎನ್ನುವ ಪೆನ್ನಿನಂಥ ಇ-ಸಿಗರೇಟು ಸಿಕ್ಕಿತು, ಮಾವಿನಹಣ್ಣಿನ ವಾಸನೆ. ಲ್ಯಾಬಿನಲ್ಲಿ ಎದುರಿಗೆ ಕೂರಿಸಿಕೊಂಡು, ಯಾಕಪ್ಪಾ ಎಂದಷ್ಟೇ ಕೇಳಿದೆ. ತುಂಬಾ ಹೊತ್ತು ಅತ್ತ. ನಿಧಾನಕ್ಕೆ ಬಿಟ್ಟ. ಈಗ ಕಾಲೇಜಿನಲ್ಲಿದ್ದಾನೆ. ನೀವು ನಾಲ್ಕು ಜನರ ಮುಂದೆ ಹೇಳದೆ ಇದ್ದದ್ದಕ್ಕೆ ಉಳಿದುಕೊಂಡೆ ಎನ್ನುತ್ತಾನೆ. ಆ ಹೊಗಳಿಕೆಯನ್ನು ನಾನು ಕೇಳಲಾರೆ. ಅವನಿಗೆ ಸಿಕ್ಕಿದ್ದು ಅವಳಿಗೆ ಸಿಗಬೇಕಿತ್ತು.

ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಅವಳು ಎದುರಾದಳು. ನಮಸ್ತೆ ಎಂದಳು, ಬಸ್ಸಿಗೆ ಹೊತ್ತಾಯಿತು ಎಂದಳು. ಬಸ್ ಇನ್ನೂ ಬಂದಿರಲಿಲ್ಲ. ಅವಳು ದೂರ ಹೋಗಿ, ಬೇರೆ ಹೆಂಗಸರ ನಡುವೆ ನನಗೆ ಬೆನ್ನು ಮಾಡಿ ನಿಂತಳು.