ಬೂಟು ಬಿಚ್ಚಿ ನಿಂತ ಜಾಗ

ನಲವತ್ತರ ದಶಕದಲ್ಲಿ ಕುಮಟೆಯ ಒಂದು ಅಕ್ಕಿ ಗಿರಣಿಗೆ ವೈರಿಂಗ್ ಮಾಡಿದವನು ನಾನು. ಎಣ್ಣೆ ಇಂಜಿನ್ನಿಗೆ ಡೈನಮೊ ಜೋಡಿಸಿ ದೀಪ ಉರಿಸುವ ಕಾಲ. ಒಳಗೆಲ್ಲ ಹಬೆ, ತೇವ. ಅದಕ್ಕೇ ಮೇಲೆ ಸೀಸದ ಹೊದಿಕೆ ಇರುವ ತಂತಿ ಎಳೆದಿದ್ದೆ. ಆ ಹೊದಿಕೆ ಎಲ್ಲೂ ಕಡಿಯದೆ ಹೋಗಿ ನೆಲಕ್ಕೆ ಸೇರಬೇಕು. ಒಳಗಿನ ಕರೆಂಟು ಸೋರಿದರೆ ಮಣ್ಣಿಗೆ ಹೋಗಲಿ, ಮನುಷ್ಯರ ಮೈಗೆ ಬೇಡ ಅಂತ. ಇದ್ದಿಲು, ಉಪ್ಪು ತುಂಬಿ, ತಾಮ್ರದ ತಗಡು ಹೂಳಿ ಅರ್ಥಿಂಗ್ ಗುಂಡಿಯನ್ನೂ ಮಾಡಿದ್ದೆ. ಬೊಂಬಾಯಿಯಲ್ಲಿ ಕಲಿತು ಬಂದವನು. ಯಾರಾದರೂ ತಪ್ಪು ಹುಡುಕಿದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ದೀಪ ಹತ್ತಿದ ವಾರಕ್ಕೆ ಗಿರಣಿಯ ಧಣಿಗಳು ಹೇಳಿಕಳಿಸಿದರು. ಭತ್ತ ಬೇಯಿಸಲು ಪಕ್ಕದ ಬಾಡ ಊರಿನಿಂದ ನಡೆದು ಬರುವ ಹೆಂಗಸೊಬ್ಬಳು ಹಂಡೆಯ ಪಕ್ಕದ ಗೋಡೆಯ ಹತ್ತಿರ ನಿಲ್ಲುವುದಿಲ್ಲ ಅನ್ನುತ್ತಾಳಂತೆ. ಅಲ್ಲಿನ ತಂತಿಗೆ ಕೈ ತಾಗಿದರೆ ಜುಮ್ಮೆನ್ನುತ್ತದಂತೆ. ಧಣಿಗಳಿಗೆ ಅದು ಬರೀ ಕೆಲಸಗಳ್ಳತನ. ತಂತಿಯಲ್ಲಿ ಏನೂ ಇಲ್ಲ ಅಂತ ನಾನು ಹೇಳಿದರೆ ಸಾಕು, ನಾಳೆಯಿಂದ ಅವಳು ಬರುವುದು ಬೇಡ ಅಂದರು. ಆ ಕೂಲಿಯ ಮೇಲೆಯೇ ಅವಳ ಮನೆ ನಡೆಯುತ್ತಿತ್ತು.

ನಾನು ಎಲ್ಲರೆದುರು ತಂತಿಯನ್ನು ಮುಷ್ಟಿಯಲ್ಲಿ ಹಿಡಿದೆ. ಏನೂ ಆಗಲಿಲ್ಲ. ಪುಕ್ಕಲು ಹೆಂಗಸು ಎಂದು ನಕ್ಕೂಬಿಟ್ಟೆ. ಅವಳು ನನ್ನ ರಬ್ಬರ್ ತಳದ ಬೂಟನ್ನೇ ನೋಡುತ್ತಿದ್ದಳು.

"ಮೇಸ್ತ್ರಿ, ಅದನ್ನ ಬಿಚ್ಚಿ. ನಾ ನಿಲ್ಲೂ ಜಾಗ್ದಲ್ಲಿ ನಿಂತು ಮುಟ್ಟಿ."

ಮೈ ಉರಿದುಹೋಯಿತು. ಬೂಟು ಬಿಚ್ಚಿ ಎಸೆದು, ನೀರು ಚೆಲ್ಲಿದ ನೆಲದ ಮೇಲೆ ನಿಂತು ಬೆರಳಿನ ಹಿಂಬದಿ ತಾಗಿಸಿದೆ. ಮೊಣಕೈವರೆಗೂ ಝಿಲ್ಲೆಂದಿತು.

ಇಂಜಿನ್ ನಿಲ್ಲಿಸಿ ಹುಡುಕಿದರೆ, ತಪ್ಪು ಸ್ವಿಚ್ಚಿನ ಮರದ ಪೆಟ್ಟಿಗೆಯ ಬಳಿ ಇತ್ತು. ತಂತಿಯನ್ನು ಒಳಗೆ ತೂರಿಸಲು ಅಲ್ಲಿ ಸೀಸದ ಹೊದಿಕೆ ಕೊಯ್ದಿದ್ದೆ. ಆಚೆ ತುದಿ, ಈಚೆ ತುದಿ ಎರಡಕ್ಕೂ ಕ್ಲಿಪ್ಪು ಬಿಗಿದು ತಾಮ್ರದ ತಂತಿಯಿಂದ ಸೇರಿಸಬೇಕಿತ್ತು. ಅವತ್ತು ಕ್ಲಿಪ್ಪು ಮುಗಿದಿತ್ತು. ನಾಳೆ ಹಾಕೋಣ ಅಂದುಕೊಂಡವನು ಮರೆತೇಬಿಟ್ಟಿದ್ದೆ. ಸಾಲದ್ದಕ್ಕೆ ಕೊಯ್ಯುವಾಗ ಚಾಕು ಒಳಗಿನ ರಬ್ಬರಿಗೂ ತಾಗಿತ್ತು. ಹಾಗೆ ಹಂಡೆಯ ಕಡೆಯ ಹೊದಿಕೆಗೆ ಸೋರಿದ ಕರೆಂಟಿಗೆ ಮಣ್ಣಿಗೆ ಹೋಗಲು ಅವಳ ಮೈ ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಬಾಯಿ ಮುಚ್ಚಿಕೊಂಡು ಸರಿಮಾಡಿ ಹೋಗಬಹುದಿತ್ತು. ಧಣಿಗಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು! ಆದರೆ ಅವಳು ಅಲ್ಲೇ ನಿಂತಿದ್ದಳು. ತಪ್ಪು ನನ್ನದು, ಅವಳು ಹೇಳಿದ್ದು ನಿಜ ಎಂದು ಧಣಿಗಳಿಗೆ ಹೇಳಿಬಿಟ್ಟೆ. ನಾಚಿಕೆಯಾಯಿತು. ಹೇಳಿದ ಮೇಲೆ ಎದೆ ಹಗುರವೂ ಆಯಿತು. ಅವರು ನನ್ನನ್ನು ಬೈದರು, ಅವಳ ಸುದ್ದಿ ಬಿಟ್ಟರು.

ತಂತಿ ಬದಲಿಸಿದೆ, ಕ್ಲಿಪ್ಪು ಬಿಗಿದೆ. ಬ್ಯಾಟರಿ, ಗಂಟೆ ಕಟ್ಟಿ, ಗಂಟೆ ಹೊಡೆದುಕೊಂಡದ್ದರಿಂದ ಹೊದಿಕೆ ಗುಂಡಿಯವರೆಗೂ ಕೂಡಿದೆ ಎಂದು ಎರಡೆರಡು ಸಲ ನೋಡಿಕೊಂಡೆ. ಇಂಜಿನ್ ಹೊರಟಿತು. ಬೂಟು ಹಾಕಿಕೊಂಡು, ಇನ್ನು ಮುಟ್ಟಬಹುದು ಅಂದೆ.

"ಮೊದ್ಲು ನೀವು," ಅಂದಳು.

ಮತ್ತೆ ಬೂಟು ಬಿಚ್ಚಿದೆ. ಈ ಸಲ ಸಿಟ್ಟು ಬರಲಿಲ್ಲ. ಒದ್ದೆ ನೆಲದಲ್ಲಿ ನಿಂತು ಮುಟ್ಟಿದೆ, ಏನೂ ಇರಲಿಲ್ಲ. ಆಮೇಲೆ ಅವಳು ಮುಟ್ಟಿದಳು, ಸ್ವಲ್ಪ ಹೊತ್ತು ಹಿಡಿದೇ ಇದ್ದಳು.

"ಆತು," ಅಂದಳು. ಸೆರಗು ಸಿಕ್ಕಿಸಿಕೊಂಡು ಹಂಡೆಯ ಹತ್ತಿರ ಹೋಗಿ, ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತಳು.