ಅರಿಶಿನದ ದಾರ ಕಟ್ಟಿದ್ದ ತುದಿ

ಆ ಮಂಗಳವಾರ ಸಂಜೆ ನನ್ನ ಗಂಡ ಕೆರೆಯಿಂದ ಬಂದಾಗ ಹೆಗಲ ಮೇಲೆ ಎದೆಯೆತ್ತರದ ಪ್ಲಾಸ್ಟಿಕ್ ಪೈಪು ಇತ್ತು, ಅದರ ತುಂಬ ಹೂಳು. ಹಿಂದೆಯೇ ಕೆರೆಯ ಹೂಳನ್ನು ಓದುವ ಕಾಲೇಜಿನ ಮೇಡಂ. ಪೈಪನ್ನು ತಳಕ್ಕೆ ನೆಟ್ಟಗೆ ಇಳಿಸಿ ಎತ್ತಿದರೆ ಪದರಗಳು ಹಾಗೇ ಬರುತ್ತವೆ. ಮೇಲಿನದು ಹೊಸದು, ಕೆಳಗಿನದು ಹಳೆಯದು.

ವೈಟ್‌ಫೀಲ್ಡ್ ಆಚೆಯ ನಮ್ಮೂರಲ್ಲಿ ನನ್ನ ಗಂಡನ ತಾತ ನೀರುಗಂಟಿ, ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವರು. ಇವರು ಟೆಕ್ ಪಾರ್ಕಿನಲ್ಲಿ ಪಂಪ್ ಆಪರೇಟರ್. ಕೆರೆಗೆ ನೀರು ಬರುವ ಕಾಲುವೆಯ ಬಾಯಲ್ಲಿ ಟಿಪ್ಪರ್‌ಗಳು ಕಟ್ಟಡದ ಕಸ ಸುರಿಯುತ್ತವೆ, ಅದೇ ಕೆರೆಯನ್ನು ತುಂಬುತ್ತಿದೆ ಎಂದು ಕಂಡ ಕಂಡ ಆಫೀಸಿಗೆ ಅರ್ಜಿ ಕೊಟ್ಟಿದ್ದರು. ಅದೆಲ್ಲ ಹಳೇ ಕಾಲದ ನೆರೆ ತಂದ ಮರಳು ಎಂಬ ಉತ್ತರ ಬಂದಿತ್ತು. ಕಾಲುವೆಯ ಬಾಯಿಂದ ತೆಗೆದದ್ದು ಈ ಒಂದೇ ಪೈಪು.

"ನೋಡಿ ಅಕ್ಕ, ನಿಮ್ಮನೆಯವ್ರು ಕೊಚ್ಚೆ ಮಣ್ಣು ತಿಂತಾರೆ" ಎಂದರು ಮೇಡಂ.

"ತಿನ್ನಲ್ಲ ಮೇಡಂ, ಕಡಿದು ನೋಡ್ತೀನಿ. ಕರಕರ ಅಂದ್ರೆ ಮರಳು, ಜಾರಿದ್ರೆ ಜೇಡಿ. ನಿಮ್ ಮಿಷನ್‌ಗೆ ಹಲ್ಲಿಲ್ವಲ್ಲ, ಪಾಪ."

ಮೇಡಂ ನಕ್ಕು ನನಗೆ ಬಿಡಿಸಿ ಹೇಳಿದರು. ಕಾಲೇಜಿನ ಮಿಷನ್ ಪದರಪದರದಲ್ಲೂ ಎರಡು ಧಾತುಗಳನ್ನು ಅಳೆಯುತ್ತದಂತೆ. ಜಿರ್ಕೋನಿಯಂ ಎಂಬುದು ದಪ್ಪ ಕಣಗಳ ಜೊತೆ ಬರುತ್ತದಂತೆ, ರುಬಿಡಿಯಂ ನುಣ್ಣನೆಯ ಜೇಡಿಯಲ್ಲಿ ಕೂರುತ್ತದಂತೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಎಲ್ಲಿ ಹೆಚ್ಚು ಬರುತ್ತದೋ ಅಲ್ಲಿ ಮಣ್ಣು ಒರಟು.

"ಈ ಪೈಪಲ್ಲಿ ಯಾವ ಕಡೆ ಕರಕರ ಅಂತು ಅಣ್ಣ?"

"ಮಿಷನ್ನೇ ಹೇಳ್ಲಿ ಬಿಡಿ. ನನ್ ಹಲ್ಲು ಹೇಳಿದ್ರೆ ಆಫೀಸ್ನೋರು ನಂಬ್ತಾರಾ?"

ಮೇಲ್ತುದಿಗೆ ಗುರುತು ಹಾಕುವ ಪೆನ್ನು ಕೆರೆಯ ನೀರಿಗೆ ಬಿದ್ದಿತ್ತು. ಇವರು ದೇವರ ಗೂಡಿನಿಂದ ಅರಿಶಿನದ ದಾರ ತಂದು ಪೈಪಿನ ಮೇಲ್ತುದಿಗೆ ಕಟ್ಟಿದರು. ಮೇಡಂ ಕರೆಸಿದ್ದ ಗಾಡಿ ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಪೈಪನ್ನು ನಾಳೆ ಒಯ್ಯುತ್ತೇನೆ ಎಂದು ಮೇಡಂ ಬಸ್ಸು ಹತ್ತಿದರು. ಪೈಪು ಮಂಚದ ಕೆಳಗೆ ಮಲಗಿತು. ರಾತ್ರಿ ಉಪ್ಸಾರು, ಮುದ್ದೆ. ಉಪ್ಪು ಕಡಿಮೆ ಎಂದರು ಇವರು.

ಬೆಳಿಗ್ಗೆ ಟಿಪ್ಪರ್ ಸದ್ದು ಕೇಳಿ ಚಪ್ಪಲಿ ಮೆಟ್ಟಿ ಹೋದರು. ಹಿಂದಕ್ಕೆ ಬರುತ್ತಿದ್ದ ಗಾಡಿ ನಿಲ್ಲಲಿಲ್ಲ. ಅವರೇ ಜಾರಿ ಬಿದ್ದರು ಎಂದು ಡ್ರೈವರ್ ಹೇಳಿದ. ಸ್ಟೇಷನ್ನಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಹಿಂದೆ ಅವ್ರು ಯಾಕಮ್ಮ ಹೋದ್ರು?"

ಹನ್ನೊಂದನೆಯ ದಿನ ನನ್ನ ಕೊರಳಿನದನ್ನು ತೆಗೆದರು. ಅತ್ತೆಯ ಅಕ್ಕ, ನಮಗೆಲ್ಲ ದೊಡ್ಡಮ್ಮ, ಮನೆಯೆಲ್ಲ ಹುಡುಕಿ ಅರಿಶಿನದ ದಾರ ಎಲ್ಲೆಲ್ಲಿತ್ತೋ ಎಲ್ಲ ಕಿತ್ತು ಕೆರೆಗೆ ಬಿಟ್ಟರು. ಬಾಗಿಲಿನದು, ಒಳಕಲ್ಲಿನದು, ನೆಲ ತೊಳೆಯಲೆಂದು ಮಂಚದಡಿಯಿಂದ ತೆಗೆದು ಹೊರಗಿಟ್ಟಿದ್ದ ಹೂಳಿನ ಪೈಪಿನದು. "ಇಂಥಾ ಮನೇಲಿ ಅರಿಶಿನ ಇರ್ಬಾರ್ದು ಕಣವ್ವ." ಪೈಪಿನ ಎರಡು ತುದಿಯನ್ನೂ ಮುಚ್ಚಿದ್ದು ಒಂದೇ ಥರದ ಬಟ್ಟೆ, ಒಂದೇ ಥರದ ಟೇಪು.

ಆಮೇಲೆ ಪೈಪು ಒಯ್ದಿದ್ದ ಮೇಡಂ ತಿಂಗಳ ಮೇಲೆ ಅದರ ಫೋಟೊ, ಮಿಷನ್ ಬರೆದ ಆ ಭಾಗಾಕಾರದ ಗೀರಿನ ಚಿತ್ರ ಹಿಡಿದು ಬಂದರು. ಒಂದು ತುದಿಯಿಂದ ಗೇಣುದ್ದ ಆ ಗೀರು ಗೋಡೆ ಹತ್ತಿದ ಹಾಗೆ ಏರಿತ್ತು, ಅಲ್ಲಿ ಮಣ್ಣು ಒರಟು. ಅದು ಮೇಲ್ತುದಿಯಾದರೆ ಟಿಪ್ಪರ್ ಬಂದ ಮೇಲಿನ ಮಣ್ಣು, ನನ್ನ ಗಂಡ ಹೇಳಿದ್ದು ನಿಜ. ಕೆಳತುದಿಯಾದರೆ ಹಳೆಯ ನೆರೆ, ಆಫೀಸಿನವರು ಹೇಳಿದ್ದು ನಿಜ. ಆ ಒರಟು ಮಣ್ಣಲ್ಲಿ ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿದ್ದರೂ ಹೊಸದೆನ್ನಲು ಸಾಕಿತ್ತು ಎಂದರು ಮೇಡಂ, ಸಿಕ್ಕಿರಲಿಲ್ಲ.

"ದಾರ ಈ ತುದೀಲಿತ್ತಾ ಅಕ್ಕ? ನೆನಪು ಮಾಡ್ಕೊಳ್ಳಿ."

ಹೌದು ಎಂದರೆ ಮುಗಿಯುತ್ತಿತ್ತು. ಸುಳ್ಳು ಹೇಳಿ ಅವರನ್ನು ಗೆಲ್ಲಿಸಲು ನಾಲಿಗೆ ಏಳಲಿಲ್ಲ. ದೊಡ್ಡಮ್ಮನನ್ನು ಕೇಳಿದೆ. "ನಂಗೇನ್ ಗೊತ್ತವ್ವ, ಅಳ್ತಾ ಕಿತ್ತೆ" ಎಂದರು. ಅವರ ಜೊತೆ ನಾನು ಆಮೇಲೆ ಸರಿಯಾಗಿ ಮಾತಾಡಿಲ್ಲ. ಗಾಡಿ ಬರಲಿಲ್ಲ ಎಂದು ಪೈಪು ಬಿಟ್ಟುಹೋದ ಮೇಡಂ ಮೇಲೂ ಸಿಟ್ಟಿದೆ. ದಾರ ಕೀಳುವಾಗ ನೋಡುತ್ತ ಕೂತಿದ್ದ ನನ್ನ ಮೇಲೂ.

ಇನ್ನೊಂದು ಪೈಪು ಇಳಿಸೋಣವೆಂದರೆ ಅಷ್ಟರಲ್ಲಿ ಜೆಸಿಬಿ ತಂದು ಕಾಲುವೆಯ ಬಾಯನ್ನೇ ಕೆರೆದು ಹೂಳು ಸಾಗಿಸಿದ್ದರು. ಅಲ್ಲೀಗ ವಾಕಿಂಗ್ ಮಾಡುವವರಿಗೆ ಕಲ್ಲುಬೆಂಚು. ಮೇಡಂ ತಮ್ಮ ವರದಿಯಲ್ಲಿ ಬರೆದದ್ದು ಒಂದು ಸಾಲು: ತಲೆಬುಡ ತಿಳಿಯದ ಕಾರಣ ಈ ಪೈಪನ್ನು ಕೈಬಿಡಲಾಗಿದೆ.

ನನ್ನ ಗಂಡ ದಾರ ಕಟ್ಟಿದ್ದು ಆ ಎರಡರಲ್ಲಿ ಯಾವ ತುದಿಗೆ ಎಂಬುದು ಇವತ್ತಿಗೂ ಗೊತ್ತಾಗಿಲ್ಲ.